ಬಾಗಿಲಾಚೆ ಸೇರಿದವರಿಗೆ

ಹುಬ್ಬಳ್ಳಿ, ೨೧೮೪ನೆಯ ಫೆಬ್ರುವರಿ ಮೂವತ್ತು

ನೂರೈವತ್ತು ವರ್ಷದ ಹಿಂದೆ ಆಸ್ಪತ್ರೆಯ ಬಾಗಿಲಾಚೆ ನಿಂತು ಪಿಸುಗುಡುವ ಹಿರಿಯರೇ,

ತಾರೀಖು ನೋಡಿ ಹುಬ್ಬೇರಿಸಬೇಡಿ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಕೈಬರಹ ಕಲಿತ ಕೊನೆಯವರಲ್ಲಿ ನಾನೊಬ್ಬಳು. ಹೆಸರು ನೀಲಗಂಗಾ, ಹೃದಯದ ಬೇನೆಯವಳು.

ನಮ್ಮಲ್ಲಿ ಹಿತಕೂಟ ಎಂಬುದಿದೆ. ಯಾವ ಚಿಕಿತ್ಸೆ ನ್ಯಾಯ, ಯಾವುದು ಬರಿಯ ಹಿಂಸೆ ಎಂದು ವೈದ್ಯರು, ಮನೆಮಂದಿ ಮತ್ತು ಒಂದು ಯಂತ್ರ ಸೇರಿ ತೂಗಿ ನೋಡುವ ಸಭೆ. ಅದು ಸೇರುವುದು ಬಾಗಿಲಾಚೆ. ರೋಗಿಗೆ ಅಲ್ಲಿ ಜಾಗವಿಲ್ಲ. ಯಂತ್ರಕ್ಕೆ ಇದನ್ನು ಕಲಿಸಿದವರು ಯಾರೆಂದುಕೊಂಡಿರಿ? ನೀವೇ. ನಿಮ್ಮ ಕಾಲದ ಆಸ್ಪತ್ರೆಗಳ ಮಾತುಕತೆಯನ್ನೆಲ್ಲ ಅದಕ್ಕೆ ಉಣಿಸಿದರು. "ಅವ್ವಗ ಹೇಳಬ್ಯಾಡ್ರಿ ಡಾಕ್ಟರ್, ಎದಿ ಒಡಕೋತಾಳ" ಎಂಬ ಮಾತನ್ನು ಕೇಳಿ ಕೇಳಿ ಅದನ್ನೇ ಧರ್ಮವೆಂದು ನಂಬಿತು. ನೀವು ಪ್ರೀತಿಯಿಂದಲೇ ಅಂದಿರಿ, ಗೊತ್ತು. ಆದರೂ ನಿಮ್ಮ ಮೇಲೆ ನನಗೆ ಸಿಟ್ಟಿದೆ.

ಹಾಸಿಗೆಯ ತಲೆದೆಸೆಯಲ್ಲಿ ಆ ಯಂತ್ರದ್ದೇ ಸಂತೈಕೆ ಎಂಬ ಪೆಟ್ಟಿಗೆ ಇರುತ್ತದೆ. ನನಗೇನಾಗಿದೆ ಎಂದು ಕೇಳಿದರೆ "ಏನೂ ಆಗಿಲ್ಲರಿ, ಆರಾಮ ಆಗ್ತೀರಿ" ಎನ್ನುತ್ತದೆ. ಸಾವಿನ ಮಾತೆತ್ತಿದರೆ ಅಂಜಿಕೆಯೆಂದು ತಿಳಿದು ನಿದ್ದೆಯ ಮದ್ದು ಬಿಡುತ್ತದೆ. ಪಕ್ಕದ ಹಾಸಿಗೆಯ ಸಂಗವ್ವ "ನಾ ಮನ್ಯಾಗ ಸಾಯ್ತೀನಿ" ಅಂದಳು. ಪಾಪ, ಮತ್ತೆ ಅವಳಿಗೆ ಎಚ್ಚರವಾಗಲೇ ಇಲ್ಲ.

ನಿನ್ನೆ ನಾನು ಮಾವಿನ ಉಪ್ಪಿನಕಾಯಿ ಕೇಳಿದೆ. ಇಷ್ಟು ದಿನ ಉಪ್ಪು ಮುಟ್ಟಗೊಡದ ನರ್ಸ್ ಮರುಮಾತಿಲ್ಲದೆ ಬಡಿಸಿದಳು. ನನಗಿನ್ನು ಹೆಚ್ಚು ದಿನವಿಲ್ಲ ಎಂದು ಆಗಲೇ ತಿಳಿಯಿತು. ಇಂದು ಬೆಳಿಗ್ಗೆ ಉಸಿರಿನ ಕೊಳವೆಯ ಗಾಡಿಯನ್ನೂ ತಂದು ನಿಲ್ಲಿಸಿದ್ದಾರೆ. ಕೊಳವೆ ಗಂಟಲಿಗೆ ಇಳಿದರೆ ಮಾತು ನಿಂತಂತೆಯೇ. ನನಗದು ಬೇಡ. ಮನೆಗೆ ಕರೆದುಕೊಂಡು ಹೋಗು ಎಂದು ಮಗಳು ಗೌರಾಂಬೆಗೆ ಹೇಳಬೇಕು. ಬಾಯಿಬಿಟ್ಟರೆ ಪೆಟ್ಟಿಗೆ ಕೇಳಿಸಿಕೊಳ್ಳುತ್ತದೆ. ಬರೆದು ಕೊಡೋಣವೆಂದರೆ ಅವಳಿಗೆ ಕೈಬರಹ ಓದಲು ಬಾರದು. ಅವಳ ಕಾಲಕ್ಕೆ ಕೈಬರಹ ಕಲಿಸುವುದನ್ನೇ ಬಿಟ್ಟಿದ್ದರು. ಅದಕ್ಕೇ ಓದಬಲ್ಲ ನಿಮಗೆ ಬರೆಯುತ್ತಿದ್ದೇನೆ.

ಬಾಗಿಲು ತಳ್ಳಿ ಒಳಗೆ ಹೋಗಿ. ಮಲಗಿದವರ ಪಕ್ಕ ಕೂತು, ಇದ್ದದ್ದನ್ನು ಹೇಳಿ, ನಿಮಗೇನು ಬೇಕು ಎಂದು ಕೇಳಿ. ಅಳಲಿ, ಬಯ್ಯಲಿ, ತಡೆದುಕೊಳ್ಳಿ. ಯಂತ್ರ ನಿಮ್ಮನ್ನು ನೋಡಿಯೇ ಕಲಿಯುತ್ತದೆ.

ಹೊರಗೆ ಗೌರಾಂಬೆಯ ದನಿ ಕೇಳುತ್ತಿದೆ. ಇನ್ನೇನು ಕಣ್ಣೊರೆಸಿಕೊಂಡು ನಗುತ್ತ ಬರುತ್ತಾಳೆ, "ಹೆಂಗದೀ ಅವ್ವಾ" ಎನ್ನುತ್ತಾಳೆ. ಅವಳ ಮುಖವನ್ನು ಎಚ್ಚರದಲ್ಲಿದ್ದು ನೋಡಬೇಕು ನನಗೆ. ಹಾಗಾಗಿ ನಾನೂ ಆರಾಮ ಅದೀನಿ ಅಂತಲೇ ಅನ್ನುತ್ತೇನೆ.

ನೀಲಗಂಗಾ