ಕೊಳಲಿಗೊಂದು ಸಹಿ

ತಂಗಿ,

ನನ್ನ ಪಾಡ್‌ಕಾಸ್ಟಿನ ಶುರುವಿಗೆ ಬರುವ ಕೊಳಲು ತಮ್ಮನದು. "ಬಳಸ್ಕೊಳೋ ಅಣ್ಣ, ರಾಗ ನಂದು, ರಗಳೆ ನಿಂದು" ಎಂದಿದ್ದ. ಆ ಬಾಯಿಮಾತಿನ ಅನುಮತಿ ಈಗ ಸಾಲದಂತೆ. ಅವನು ಹೋದಮೇಲೆ, ಹೆಂಡತಿಯಾಗಿ ಹಕ್ಕು ನಿನ್ನದು. ಜೊತೆಗಿಟ್ಟಿರುವ ಒಪ್ಪಿಗೆ ಪತ್ರಕ್ಕೆ ನಿನ್ನ ಸಹಿ ಬೇಕು. ಮನಸ್ಸಿಲ್ಲದಿದ್ದರೆ ಬೇಡ, ಹಳೆಯ ಕಂತುಗಳನ್ನೆಲ್ಲ ತೆಗೆದುಬಿಡುತ್ತೇನೆ.

ಲೈಸೆನ್ಸ್ ಸಮೇತ ಸಿಗುವ ಬೇರೆ ಸಂಗೀತವನ್ನೂ ಕೇಳಿ ನೋಡಿದೆ. ಚೆನ್ನಾಗಿಯೇ ಇದೆ. ನಡುವೆ ಅವನು ಉಸಿರೆಳೆದುಕೊಳ್ಳುವ ಸದ್ದು ಮಾತ್ರ ಇಲ್ಲ.

ನಿಮ್ಮ ಮನೆಯಲ್ಲಿ ಮಾಡಿದ ಆ ರೆಕಾರ್ಡಿಂಗಿನ ಕೊನೆಗೆ "ಮುಗೀತು ಕಣೇ, ಇನ್ನು ಮಿಕ್ಸಿ ಹಾಕ್ಕೋ" ಎಂದು ಕೂಗುತ್ತಾನೆ. ಅಡುಗೆಮನೆಯಿಂದ ನೀನು ನಗುತ್ತೀಯ. ಅಷ್ಟನ್ನು ನಾನು ಯಾರಿಗೂ ಕೇಳಿಸಿಲ್ಲ. ಪೆನ್‌ಡ್ರೈವಿನಲ್ಲಿ ಪೂರ್ತಿ ಹಾಕಿ ಕಳಿಸಿದ್ದೇನೆ. ಸಹಿ ಮಾಡಿದರೂ, ಬಿಟ್ಟರೂ, ಅದು ನಿನ್ನ ಹತ್ತಿರವೇ ಇರಲಿ.

ನಿನ್ನ ಭಾವ