ಹಾಡಿನಲ್ಲಿ ಇಲ್ಲದ ಹೆಸರು

ಬೇಡಕಿಹಾಳ,
ಮಂಗಳವಾರ, 9 ಡಿಸೆಂಬರ್ 2025

ಸೌಂದರ್ಯಾಳ ಅಪ್ಪನವರಿಗೆ ಮಾಯಾ ಮಾಡುವ ನಮಸ್ಕಾರ.

ಮೊಣಕಾಲು ನೋವು ಹೇಗಿದೆ? ಪುಣೆಯ ಚಳಿಯಲ್ಲಿ ಬರಿಗಿವಿಯಲ್ಲಿ ಓಡಬೇಡಿ, ಮಫ್ಲರ್ ಬ್ಯಾಗಿನ ತಳದಲ್ಲಿದೆ. ಇಲ್ಲಿ ನಾವು ಆರಾಮ, ಕುರಿಗಳೂ ಆರಾಮ. ಫೋನಿನಲ್ಲಿ ಮಾತಾಡೋಣವೆಂದರೆ ಅತ್ತೆಯವರು ಪಕ್ಕದಲ್ಲೇ ಕೂತು ಸ್ಪೀಕರ್ ಹಾಕು ಅನ್ನುತ್ತಾರೆ. ಅದಕ್ಕೇ ಕಾಗದ.

ನಿಮ್ಮ ಹೊಸ ಹಾಡನ್ನು ಈಗ ಚಿಕ್ಕೋಡಿ ಟೆಂಪೋಗಳಲ್ಲೂ ಹಾಕುತ್ತಿದ್ದಾರೆ. ಇಪ್ಪತ್ತು ವರ್ಷ ರ‍್ಯಾಪ್ ಹಾಡಿ ಬೈಗುಳ, ಬುಲೆಟ್ ಗಾಡಿ, ಬಾಟಲಿ ಬಿಟ್ಟು ಬೇರೇನೂ ಹೇಳದ ಮನುಷ್ಯ ನೀವು. ಕುಡಿತ ಬಿಟ್ಟು, ಓಟ ಹಿಡಿದು, ಈಗ ತಾಯಿಯ ಬೀಸುಕಲ್ಲಿನ ಪದದ ಜೊತೆ ಮನೆಯ ಮಾತು ಹಾಡಿದ್ದೀರಿ. ಸುಳ್ಳು ಯಾಕೆ ಹೇಳಲಿ, ಮೊದಲ ಸಲ ಕೇಳಿದಾಗ ಕಣ್ಣೀರು ಬಂತು. ಎರಡನೇ ಸಲ ಹೊಟ್ಟೆ ಉರಿಯಿತು. ಹಾಡಿನಲ್ಲಿ ಅತ್ತೆಯವರಿದ್ದಾರೆ, ಮಗಳು ನಗುತ್ತಾಳೆ, ನಿಮಗೆ ಓಟ ಕಲಿಸಿದ ನಿಪ್ಪಾಣಿಯ ಪ್ರಾಜಕ್ತಾಳ ಹೆಸರಂತೂ ಮತ್ತೆ ಮತ್ತೆ ಬರುತ್ತದೆ. ಅದರ ಬೆನ್ನಿಗೇ 'ಬಿದ್ದಾಂವನ್ನ ಅಕಿ ಎಬ್ಬಿಸ್ಯಾಳ' ಅನ್ನುತ್ತೀರಿ. ಯಾರು ಆ ಅಕಿ? ಊರವರೆಲ್ಲ ಪ್ರಾಜಕ್ತಾ ಅಂದುಕೊಂಡಿದ್ದಾರೆ. ಕಿರಾಣಿ ಅಂಗಡಿಯ ಭೀಮಗೊಂಡ ನನ್ನನ್ನೇ ಕೇಳಿದ: "ವೈನಿ, ಆ ಓಡಾಕಿ ನಿಮ್ಮ ಮನಿಗೂ ಬರ್ತಾಳೇನ್ರಿ?" ತೂಗಿಸಿದ ಸಕ್ಕರೆ ಅಲ್ಲೇ ಬಿಟ್ಟು ಬಂದೆ.

ನಿಪ್ಪಾಣಿ ಬಸ್‌ಸ್ಟ್ಯಾಂಡಿನ ಗಟಾರದಿಂದ ನಿಮ್ಮನ್ನು ಎತ್ತಿ ತಂದವಳು ನಾನು. ಅದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಪ್ರಾಜಕ್ತಾ ಒಳ್ಳೆಯ ಹುಡುಗಿ, ಗೊತ್ತು. ಸಂಕಟ ಇರುವುದೇ ಅಲ್ಲಿ. ಈಗ ಪುಣೆಯ ಓಟಕ್ಕೂ ನಿಮ್ಮ ಜೊತೆ ಅವಳೇ ಬಂದಿದ್ದಾಳೆ. ಕೆಟ್ಟ ದಿನಗಳಲ್ಲಿ ನೀವು ನನ್ನೊಬ್ಬಳ ಪಾಲಿಗಿದ್ದಿರಿ, ಒಳ್ಳೆಯವರಾದ ಮೇಲೆ ಊರಿಗೆಲ್ಲ ಹಂಚಿಹೋದಿರಿ.

ನಿನ್ನೆ ತಡೆಯಲಾರದೆ ಅತ್ತೆಯವರಿಗೆ ಹೇಳಿಯೇಬಿಟ್ಟೆ. ಅವರು ನಕ್ಕರು. "ಅದರಾಗ ನಾನೂ ಹಾಡೀನಿ ಬೇ. ನನ್ನ ಮುಂದ ಹೇಂತಿ ಹೆಸರ ಹೆಂಗ ಹೇಳ್ತಾನ ಅಂವ? ನಾಚ್ಯಾನ." ಸಾವಿರ ಜನರ ಮುಂದೆ ಬೈಗುಳ ಹಾಡಿದ ಬಾಯಿಗೆ ತಾಯಿಯ ಮುಂದೆ ಹೆಂಡತಿಯ ಹೆಸರು ಹೇಳಲು ನಾಚಿಕೆಯಂತೆ. ಅವರೆದುರು ನೀವು ನನ್ನನ್ನು 'ಏ, ಇಲ್ಲೆ ಬಾ' ಅಂತಲೇ ಕರೆದಿದ್ದೀರಿ, ಅದು ಆಗ ನೆನಪಾಯಿತು. ಸಿಟ್ಟು ಅರ್ಧ ಇಳಿದಿದೆ. ಹೊಟ್ಟೆಕಿಚ್ಚು ಇಳಿದಿಲ್ಲ.

ಓಟ ಸುಸೂತ್ರವಾಗಲಿ, ದೇವರು ಹಾಲಸಿದ್ಧ ನಿಮ್ಮ ಕಾಲಿಗೆ ಬಲ ಕೊಡಲಿ. ಅತ್ತೆಯವರ ಆಶೀರ್ವಾದ, ಮಗಳ ಮುತ್ತು.

ನಿಮ್ಮ
ಮಾಯಾ

ತಾ.ಕ.: ನೀವಾಗಿ ನಾಚಿಕೆ ಬಿಡುವವರಲ್ಲ, ಅದಕ್ಕೇ ನಾನೇ ಬಿಟ್ಟೆ. ಈಗಷ್ಟೇ ಅತ್ತೆಯವರ ಮುಂದೆ ನಿಂತು ನಿಮ್ಮ ಹೆಸರು ಹೇಳಿದೆ. ಮದುವೆಯಲ್ಲಿ ಹೇಳಿದ ಹಾಗೆ ಪ್ರಾಸದ ಒಡಪು ಕಟ್ಟದೆ, ಬರೀ ಹೆಸರು. ಅವರು ಬೈಯಲಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹಾಲೇಶ, ಈಗ ನಿಮ್ಮ ಸರದಿ.