ಅಕ್ಕನ ಕರಡಿಗೆ ಮತ್ತು ನಿಮ್ಮ ಒಂಬತ್ತನೇ ಪುಟ

ವಯಸ್ಸಾದ ಅಂಗವಿಕಲರಿಗೆ ವಿಮಾನಯಾನದ ಸಲಹೆ ಬರೆಯುವ ಅಧಿಕಾರಿಗಳೇ,

ನಿಮ್ಮ ಕೈಪಿಡಿಯನ್ನು ನಂಬಿ ಹೊರಟ ನನ್ನ ಅಕ್ಕ ತಿಪ್ಪವ್ವ ವಿಮಾನ ನಿಲ್ದಾಣದ ತಪಾಸಣೆಯಿಂದಲೇ ಮಾಸೂರಿಗೆ ಮರಳಿದ್ದಾಳೆ. ಪುಣೆಯ ಆಸ್ಪತ್ರೆಯಲ್ಲಿದ್ದ ನಮ್ಮ ತಂಗಿ ಫಕ್ಕೀರವ್ವ ಅಕ್ಕನ ಮುಖ ನೋಡದೆಯೇ ಹೃದಯದ ಶಸ್ತ್ರಚಿಕಿತ್ಸೆಗೆ ಹೋದಳು. ಇದಕ್ಕೆ ಯಾರು ಹೊಣೆ? ನನ್ನ ಪಾಲೂ ಇದೆ, ಮುಚ್ಚಿಡುವುದಿಲ್ಲ.

ಅಕ್ಕನಿಗೆ ಎಪ್ಪತ್ನಾಲ್ಕು. ಸಕ್ಕರೆ ಕಾಯಿಲೆಗೆ ಬಲಗಾಲು ಹೋಗಿ ಕೃತಕ ಕಾಲು ಬಂದಿದೆ. ನಿಮ್ಮ ಕೈಪಿಡಿಯ ಮೊದಲೆರಡು ಪುಟ ಮಾತ್ರ ಕನ್ನಡದಲ್ಲಿವೆ. ಅವನ್ನು ಓದಿ ಹೇಳಿದೆ. ಗಾಲಿಕುರ್ಚಿಗೆ ಮೊದಲೇ ತಿಳಿಸಿ, ತಿಳಿಸಿದೆವು. ಮಾತ್ರೆ ಕೈಚೀಲದಲ್ಲಿರಲಿ, ಇತ್ತು. ಲೋಹದ ವಸ್ತು ಕಳಚಿ ಟ್ರೇಯಲ್ಲಿಡಿ. ಇದನ್ನು ಓದಿ ನಾನು ನನ್ನ ಇಷ್ಟಲಿಂಗವನ್ನು ದೇವರ ಜಗಲಿಯ ಮೇಲಿಟ್ಟು ಬಂದೆ, ಇಟ್ಟು ಬಂದದ್ದನ್ನು ಅಕ್ಕನಿಗೆ ಹೇಳಲಿಲ್ಲ. ಅವಳ ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಲಿಂಗ. ಹುಟ್ಟಿದಾಗ ಕಟ್ಟಿದ್ದು, ಮಣ್ಣಿಗೂ ಜೊತೆಗೇ ಹೋಗುವಂಥದ್ದು. ಕಾಲು ಕತ್ತರಿಸುವಾಗಲೂ ವೈದ್ಯರು ಅದನ್ನು ವಸ್ತ್ರದಲ್ಲಿ ಸುತ್ತಿ ಅವಳ ಮುಂಗೈಗೆ ಕಟ್ಟಲು ಬಿಟ್ಟಿದ್ದರು. ನಿಮ್ಮ ಮುಖಪುಟದ ಗಾಲಿಕುರ್ಚಿಯಲ್ಲಿ ಅಜ್ಜಿಯೊಬ್ಬಳು ನಗುತ್ತಿದ್ದಾಳೆ. ಆಕೆಯ ಕೊರಳು ಖಾಲಿಯಿದೆ.

ತಪಾಸಣೆಯ ಹುಡುಗಿ ಟ್ರೇ ಮುಂದೆ ಹಿಡಿದಳು. ಆಗಷ್ಟೇ ಯಾರದೋ ಬೂಟು ಹೊತ್ತು ಬಂದ ಟ್ರೇ. ಅಕ್ಕ ಸೀರೆ ಸರಿಸಿ ಕೃತಕ ಕಾಲಿನ ಪಟ್ಟಿ ಬಿಚ್ಚತೊಡಗಿದಳು.

"ಬೇಕಾದ್ರ ಕಾಲ ಇಟಗೊಳ್ರಿ ಯವ್ವಾ, ಇದನ್ನ ಮಾತ್ರ ಕೇಳಬ್ಯಾಡ್ರಿ."

ಹುಡುಗಿಗೆ ಕನ್ನಡ ಬಾರದು. ಹಿಂದಿನ ಸಾಲು ಗೊಣಗುತ್ತಿತ್ತು. ನನಗೆ ನಾಚಿಕೆಯಾಗಿ ಗದರಿದೆ: "ತಗದ ಇಡಬಾರದೇನ ಅಕ್ಕಾ, ಎರಡ ನಿಮಿಷದ ಮಾತು."

ಅವಳು ನನ್ನ ಬರಿಗೊರಳು ನೋಡಿದಳು. "ನಿಂದ ಎಲ್ಲೈತೊ?"

ನಾನು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡೆ.

"ಕುರ್ಚಿ ಹೊಳ್ಳಸು," ಎಂದಳು.

ವಿಮಾನ ಹೋದ ಮೇಲೆ ಹಿರಿಯ ಸಿಬ್ಬಂದಿಯೊಬ್ಬರು ನನ್ನೊಬ್ಬನನ್ನೇ ಪಕ್ಕಕ್ಕೆ ಕರೆದು ಬಲು ವಿನಯದಿಂದ ತಿಳಿಸಿದರು: ಪ್ರತ್ಯೇಕ ಕೋಣೆಯಿದೆ, ಅಲ್ಲಿ ಕರಡಿಗೆಯನ್ನು ನಿಮ್ಮ ಅಕ್ಕನ ಕಣ್ಣೆದುರೇ, ಅವರದೇ ವಸ್ತ್ರದಲ್ಲಿ ಹಿಡಿದು ನೋಡುತ್ತಿದ್ದೆವು, ಒಂಬತ್ತನೇ ಪುಟದಲ್ಲಿದೆಯಲ್ಲ, ಕೇಳಿದ್ದರೆ ಕೊಡುತ್ತಿದ್ದೆವು. ಒಂಬತ್ತನೇ ಪುಟ ಇಂಗ್ಲಿಷಿನಲ್ಲಿದೆ. ಊಟಕ್ಕಿಲ್ಲದ ಉಪ್ಪಿನಕಾಯಿ ಎಂದರೆ ಇದೇ. ಇದೆಯೆಂದೇ ಗೊತ್ತಿಲ್ಲದ್ದನ್ನು ಕೇಳುವುದು ಹೇಗೆ ಸ್ವಾಮಿ? ತಪಾಸಣೆ ಬೇಡವೆಂದು ನಾವು ಅಂದೆವೇ? ಕಾಲನ್ನೇ ಬಿಚ್ಚಿ ಕೊಡಲು ಹೊರಟವಳು ಯಾವ ನಿಯಮಕ್ಕೆ ಅಡ್ಡ ಬಂದಳು?

ತಂಗಿ ಬದುಕಿದ್ದಾಳೆ. ಮುಂದಿನ ತಿಂಗಳು ಎರಡನೇ ಶಸ್ತ್ರಚಿಕಿತ್ಸೆ. ಈ ಸಲ ವೈದ್ಯರು ಭರವಸೆ ಕೊಟ್ಟಿಲ್ಲ. ರೈಲಿನಲ್ಲಿ ಅಷ್ಟು ಹೊತ್ತು ಕೂರಲು ಅಕ್ಕನ ಕಾಲು ಒಪ್ಪುವುದಿಲ್ಲ. ಆದ್ದರಿಂದ ಆ ಕೋಣೆಯ ಮಾತನ್ನು ಕನ್ನಡದಲ್ಲಿ ಮೊದಲ ಪುಟಕ್ಕೆ ತನ್ನಿ. ಟ್ರೇ ಹಿಡಿಯುವ ಮೊದಲು ನಿಮ್ಮ ಸಿಬ್ಬಂದಿಯೇ ಅದನ್ನು ಹೇಳಲಿ.

ಕೋಣೆಯ ವಿಷಯ ನಿನ್ನೆಯಷ್ಟೇ ಅಕ್ಕನಿಗೆ ತಿಳಿಸಿದೆ. ಹದಿನೈದು ದಿನಗಳಲ್ಲಿ ಮೊದಲ ಸಲ ನನ್ನೊಡನೆ ಮಾತಾಡಿದಳು: "ಆ ಖೋಲಿ ಖರೇನ ಐತೇನ, ಇಲ್ಲಾ ಬರೇ ಕಾಗದದಾಗ ಐತೊ?"

ನನ್ನ ಮಾತನ್ನು ಅವಳು ಇನ್ನು ನಂಬುವುದಿಲ್ಲ. ನೀವು ಸಹಿ ಹಾಕಿ ಬರೆಯಿರಿ, ಓದಿ ಹೇಳುತ್ತೇನೆ.

ಇಂತಿ,
ಎರಡೇ ಪುಟ ಓದಿ ಅಕ್ಕನನ್ನು ಗದರಿದ ತಮ್ಮ,
ಉಳಿವೆಪ್ಪ, ಮಾಸೂರು